‘ಇಂಪ್ರೂವ್‌ಮೆಂಟ್’: ಯಾರ ಲಾಭ, ಯಾರ ಏಳಿಗೆ?



ನಮ್ಮ ಕಡೆ ಈಗ ಎಲ್ಲವೂ ‘ಇಂಪ್ರೂವ್’ ಆಗುತ್ತಿದೆ. ರಸ್ತೆ, ಕಾಲುವೆ, ಗುಡಿ, ಮಠ, ಕಡೆಗೆ ಹತ್ತನೇ ತರಗತಿ ಹುಡುಗನ ಅಂಕವೂ. ಬಳ್ಳಾರಿಯಿಂದ ಕುರುಗೋಡಿಗೆ, ಅಲ್ಲಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಕೂತವರ ಬಾಯಲ್ಲೂ ಅದೇ ಮಾತು: “ಊರು ಭಾಳ ಇಂಪ್ರೂವ್ ಆಗೈತ್ರಿ.” ಒಪ್ಪುವ ಮುನ್ನ ಪದದ ಮೂಲ ನೋಡೋಣ. ಪದಕ್ಕೂ ಒಂದು ತಳಪಾಯವಿದೆ. ತಳಪಾಯ ನೋಡದೆ ಕಟ್ಟಡ ಒಪ್ಪಿಕೊಳ್ಳುವುದು ಇಂಜಿನಿಯರನ ಲಕ್ಷಣವಲ್ಲ. ಅರಿವನ್ನೇ ಗುರುವೆಂದು ನಂಬಿದವರ ಲಕ್ಷಣವೂ ಅಲ್ಲ.

ಈ ಪದದೊಳಗೆ ‘ಪ್ರೂವ್’, ಅಂದರೆ ಸಾಬೀತು ಮಾಡು ಎಂಬ ಅರ್ಥವಿದೆಯೆಂದು ಅನೇಕರು ತಿಳಿದಿದ್ದಾರೆ. ಅದು ಕಾಗುಣಿತ ಮಾಡಿದ ಮೋಸ. ಇಂಗ್ಲೆಂಡನ್ನು ಗೆದ್ದು ಆಳಿದ ನಾರ್ಮನ್ನರ ಫ್ರೆಂಚಿನಲ್ಲಿ ‘ಪ್ರೂ’ ಎಂದರೆ ಲಾಭ. ಅದರಿಂದ ಹುಟ್ಟಿದ ಕ್ರಿಯಾಪದದ ಅರ್ಥ ‘ಲಾಭಕ್ಕೆ ತಿರುಗಿಸು’. ಮುಖ್ಯವಾಗಿ ಜಮೀನನ್ನು. 1235ರ ಮೆರ್ಟನ್ ಶಾಸನ, ಜನರಿಗೆ ಸಾಕಷ್ಟು ಮೇವಿನ ನೆಲ ಬಿಟ್ಟು ಉಳಿದ ಗೋಮಾಳದಂಥ ಬೀಳುಭೂಮಿಗೆ ಒಡೆಯನು ಬೇಲಿ ಹಾಕಿಕೊಳ್ಳಬಹುದು ಎಂದಿತು. ಆ ಕೆಲಸಕ್ಕೆ ಬಳಸಿದ್ದು ಇದೇ ಬಳಗದ ಪದ. ‘ಉತ್ತಮಗೊಳಿಸು’ ಎಂಬ ಸಾಧು ಅರ್ಥ ಬೇರೂರಿದ್ದು ಶತಮಾನಗಳ ನಂತರ. 1845ರಲ್ಲಿ ಇಂಗ್ಲೆಂಡು ಮಾಡಿದ ಕಾಯ್ದೆಯ ಹೆಸರಿನಲ್ಲಿಯೇ ‘ಬೇಲಿ ಹಾಕುವುದು’ ಮತ್ತು ‘ಇಂಪ್ರೂವ್‌ಮೆಂಟ್’ ಜೋಡೆತ್ತಿನಂತೆ ನಿಂತಿವೆ. ಒಡೆಯನಿಗೆ ಅದು ಸುಧಾರಣೆ. ಅಲ್ಲಿ ಒಂದು ಹಸು ಮೇಯಿಸುತ್ತಿದ್ದವನಿಗೆ ಹಸು ಮಾರುವ ಕಾಲ.

ಬ್ರಿಟಿಷರೊಂದಿಗೆ ಪದ ಇಲ್ಲಿಗೂ ಬಂತು. 1883ರ ಭೂ ಸುಧಾರಣಾ ಸಾಲದ ಕಾಯ್ದೆಯಲ್ಲಿ ಅದೇ ಪದ. ನಮ್ಮ ಹಿರಿಯರು ಅದನ್ನು ತಗಾವಿ ಎಂದು ಕರೆದರು. ಪ್ಲೇಗಿನ ನಂತರ 1898ರಲ್ಲಿ ಮುಂಬಯಿಯಲ್ಲಿ ‘ಇಂಪ್ರೂವ್‌ಮೆಂಟ್ ಟ್ರಸ್ಟ್’ ಆಯಿತು. ಅದು ಇಕ್ಕಟ್ಟಾದ ಗಲ್ಲಿಗಳನ್ನು ಕೆಡವಿತು. ಮನೆ ಕಳೆದುಕೊಂಡ ಬಡವರೆಲ್ಲರಿಗೂ ಬದಲಿ ಮನೆ ಸಿಗಲಿಲ್ಲ. ಮೈಸೂರಿಗೆ 1903ರಲ್ಲಿ, ಬೆಂಗಳೂರಿಗೆ 1945ರಲ್ಲಿ ಅಂಥದೇ ಮಂಡಳಿಗಳು ಬಂದವು. ಬೆಂಗಳೂರಿನದು 1976ರಲ್ಲಿ ಹೆಸರು ಬದಲಿಸಿ ‘ಅಭಿವೃದ್ಧಿ ಪ್ರಾಧಿಕಾರ’ವಾಯಿತು. ಹೆಸರು ಬದಲಾದರೂ ಪ್ರಶ್ನೆ ಬದಲಾಗಲಿಲ್ಲ: ಲಾಭ ಯಾರಿಗೆ?

ಈ ಪ್ರಶ್ನೆ ಕೇಳಿದ್ದಕ್ಕೆ ಕನ್ನಡ ನಾಡು ರಕ್ತ ಕೊಟ್ಟಿದೆ. ನೀರಾವರಿಯಿಂದ ಜಮೀನಿನ ಬೆಲೆ ಏರಿತು, ಏರಿದ್ದರಲ್ಲಿ ಸರ್ಕಾರಕ್ಕೆ ಪಾಲು ಕೊಡಿ ಎನ್ನುವುದೇ ‘ಬೆಟರ್‌ಮೆಂಟ್ ಲೆವಿ’. 1957ರ ಕಾಯ್ದೆ ಅದಕ್ಕೆ ಆಧಾರ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಎಷ್ಟೋ ಹೊಲಗಳಿಗೆ ಸರಿಯಾಗಿ ನೀರೇ ಮುಟ್ಟಿರಲಿಲ್ಲ. ಲೆವಿಯ ನೋಟಿಸು ಮಾತ್ರ ತಪ್ಪದೆ ಮುಟ್ಟಿತು. ‘ಬೆಟರ್’ ಆದದ್ದು ಏನು ಎಂದು ರೈತ ಕೇಳಿದ. 1980ರ ಜುಲೈ 21ರಂದು ನರಗುಂದ, ನವಲಗುಂದ ಭಾಗದಲ್ಲಿ ಗೋಲಿಬಾರಿನ ಉತ್ತರ ಸಿಕ್ಕಿತು. ಅದನ್ನು ಇಂದಿಗೂ ರೈತ ಹುತಾತ್ಮ ದಿನವೆಂದು ಆಚರಿಸುತ್ತೇವೆ. ಒಂದು ಪದದ ಅರ್ಥಕ್ಕಾಗಿ ಜನ ಪ್ರಾಣ ಕೊಟ್ಟರೆಂದರೆ ಅತಿಶಯೋಕ್ತಿಯಲ್ಲ.

ನಮ್ಮ ತುಂಗಭದ್ರೆಯನ್ನೇ ನೋಡಿ. 1953ರಲ್ಲಿ ಅಣೆಕಟ್ಟು ನೀರು ಕೊಟ್ಟಿತು. ಸಿರುಗುಪ್ಪ ಭತ್ತದ ಕಣಜವಾಯಿತು. ಅದು ನಿಜವಾದ ಏಳಿಗೆ, ಅಲ್ಲಗಳೆಯುವವನು ನಾನಲ್ಲ. ಆದರೆ ಯೋಜನೆ ಹೇಳಿದ್ದು ಬಹುಪಾಲು ಅರೆ ಖುಷ್ಕಿ ಬೆಳೆ, ಕಡಿಮೆ ನೀರು, ಹೆಚ್ಚು ಹೊಲ. ಮೇಲ್ಭಾಗದವರು ಭತ್ತ ನಾಟಿ ಮಾಡಿದರು; ಕೊನೆ ಭಾಗದವರು ಬರಿದಾದ ಹೊಲಗಾಲುವೆ ನೋಡುತ್ತ ಕೂತರು. ಬಸಿಗಾಲುವೆ ಇಲ್ಲದ ಎರೆಭೂಮಿಯಲ್ಲಿ ಹೆಚ್ಚಾದ ನೀರು ಸವಳು ಜವಳಾಗಿ ಮೇಲೆದ್ದಿತು. 133 ಟಿಎಂಸಿ ಹಿಡಿಯಬೇಕಾದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಹೊಸದು ಕಟ್ಟುವುದಕ್ಕೆ ಭೂಮಿಪೂಜೆ ಉಂಟು, ಕಲ್ಲಿನ ಮೇಲೆ ಹೆಸರುಂಟು. ಹಳೆಯ ಚೈನಿಗೆ ಗ್ರೀಸ್ ಹಚ್ಚುವುದಕ್ಕೆ ಯಾವ ಹಾರವೂ ಇಲ್ಲ.

ಇಲಾಖೆಯಲ್ಲಿ ನೂರಾರು ಎಸ್ಟಿಮೇಟುಗಳಿಗೆ ‘ಇಂಪ್ರೂವ್‌ಮೆಂಟ್ಸ್ ಟು’ ಎಂದೇ ತಲೆಬರಹ. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳಕ್ಕೆ ಕಾಲಂ ಇದೆ. ಕೊನೆಯ ತೂಬಿನ ರೈತನಿಗೆ ಏನಾಯಿತು ಎಂಬುದಕ್ಕೆ ಕಾಲಂ ಇಲ್ಲ. ಬಿಲ್ಲು ಪಾಸಾದರೆ ಸುಧಾರಣೆ ಮುಗಿಯಿತು.

ಇಂಗ್ಲಿಷಿನ ದೋಷ ಹೇಳಿ ನಾವು ಪಾರಾಗುವಂತಿಲ್ಲ. ನಾವು ಹೆಮ್ಮೆಯಿಂದ ಹೇಳುವ ‘ಅಭಿವೃದ್ಧಿ’ಯ ಒಳಗಿನ ‘ವೃದ್ಧಿ’ಗೆ ಸಂಸ್ಕೃತದಲ್ಲಿ ಸಾಲದ ಮೇಲಿನ ಲಾಭ ಎಂಬ ಅರ್ಥವೂ ಇದೆ. ಅದರ ತದ್ಭವವೇ ನಮ್ಮ ‘ಬಡ್ಡಿ’. ಅಭಿವೃದ್ಧಿಗೂ ಬಡ್ಡಿಗೂ ಒಂದೇ ತಾಯಿಬೇರು! ಆದರೆ ಬಳ್ಳಾರಿಯ ಹಿರಿಯರು 1916ರಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಕಟ್ಟಿದಾಗ ಅದೇ ಬೇರಿನಿಂದ ‘ವರ್ಧಕ’ ಎಂಬ ಚಿಗುರು ತೆಗೆದು ವಿದ್ಯೆಗೆ ಕಸಿ ಮಾಡಿದರು. ಹಣದ ಬಡ್ಡಿ ಕೊಟ್ಟವನಿಗೆ ಮರಳುತ್ತದೆ. ವಿದ್ಯೆಯ ವೃದ್ಧಿ ಪಡೆದವನಿಂದ ಮುಂದಿನವನಿಗೆ ಹೋಗುತ್ತದೆ. ಇನ್ನು ‘ಸುಧಾರಿಸು’ ಎಂಬ ಪದವೋ, ಮನೆಮಾತಿನಲ್ಲಿ ಎಷ್ಟು ಮೃದು! ದಿಬ್ಬ ಹತ್ತಿ ಬಂದವರಿಗೆ “ಸ್ವಲ್ಪ ಸುಧಾರಿಸ್ಕೊಳ್ರಿ” ಎನ್ನುತ್ತೇವೆ. ದಣಿದವನಿಗೆ ಉಸಿರು ಮರಳುವುದೇ ಸುಧಾರಣೆ. ಪದ ಯಾವುದೇ ಇರಲಿ, ಅದನ್ನು ಯಾವ ಕಡೆ ತಿರುಗಿಸುತ್ತೇವೆ ಎಂಬುದೇ ಮುಖ್ಯ.

ಈಗ ನಮ್ಮ ಮನೆಯ ಮಾತು. ಮಠ ‘ಅಭಿವೃದ್ಧಿ’ಯಾಯಿತು ಎಂದರೆ ಇಂದು ನಾವು ತಿಳಿಯುವುದೇನು? ರಸ್ತೆಗೆ ಮುಖ ಮಾಡಿದ ಮಳಿಗೆಗಳು, ಎಸಿ ಕಲ್ಯಾಣ ಮಂಟಪ, ಡೊನೇಷನ್ ಕಟ್ಟಿದವರಿಗೆ ಸೀಟು. ಬಸವಣ್ಣನವರ ಭಕ್ತರು ಸ್ಥಾವರ ಯಾವುದು, ಜಂಗಮ ಯಾವುದು ಎಂದು ಮರೆತರೆ ಇನ್ನಾರು ನೆನಪಿಡಬೇಕು? ಬಾಡಿಗೆ ಹೆಚ್ಚಿದ್ದು ನಾರ್ಮನ್ ಒಡೆಯನ ಅರ್ಥದ ಇಂಪ್ರೂವ್‌ಮೆಂಟ್. ಕಲ್ಯಾಣ ಮಂಟಪದ ಬಾಡಿಗೆ ಕೊಡಲಾಗದೆ ಬಡಭಕ್ತ ಮಗಳ ಮದುವೆಯನ್ನು ಓಣಿಯ ಶಾಮಿಯಾನದಲ್ಲಿ ಮಾಡಿದರೆ, ಮಠದ ಬೇಲಿಯ ಹೊರಗೆ ಉಳಿದವನು ಅವನೇ.

“ಹಣವಿಲ್ಲದೆ ಮಠ ನಡೆಯುತ್ತದೆಯೇ?” ಎನ್ನುವಿರಿ. ನಡೆಯುವುದಿಲ್ಲ. ಗಳಿಕೆಯನ್ನು ಶರಣರು ಹಳಿಯಲೂ ಇಲ್ಲ. ಕಾಯಕವೆಂದು ಅದಕ್ಕೆ ಮರ್ಯಾದೆ ಕೊಟ್ಟರು. ಆದರೆ ಅದರ ಬೆನ್ನಿಗೇ ದಾಸೋಹ ಇಟ್ಟರು. ಕಾಯಕ ಕಾಲುವೆಯ ತಲೆಯಾದರೆ ದಾಸೋಹ ಅದರ ಕೊನೆಯ ತೂಬು. ತಲೆಯಲ್ಲಿ ಎಷ್ಟು ನೀರು ಬಂತು ಎಂಬುದರಿಂದ ಕಾಲುವೆಯ ಯೋಗ್ಯತೆ ತಿಳಿಯದು. ಕೊನೆಗೆ ಎಷ್ಟು ಮುಟ್ಟಿತು ಎಂಬುದರಿಂದ ತಿಳಿಯುತ್ತದೆ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು. ನಾಡು ಅವರನ್ನು ನೆನೆಯುವುದು ಕಟ್ಟಡದ ಚದರ ಅಡಿಯಿಂದಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಮಠದಲ್ಲಾಗಲಿ, ಸಂಘದಲ್ಲಾಗಲಿ ‘ಅಭಿವೃದ್ಧಿ’ ಎಂಬ ಹೆಸರಿನಲ್ಲಿ ಠರಾವು ಬಂದಾಗ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಇದರ ಲಾಭ ಯಾರಿಗೆ? ಇದಕ್ಕಾಗಿ ಯಾರ ಪಾಲಿಗೆ ಬೇಲಿ ಬಿತ್ತು? ಕೊನೆಯ ತೂಬಿನವನಿಗೆ ಎಷ್ಟು ಮುಟ್ಟುತ್ತದೆ? ಮೂರಕ್ಕೂ ಉತ್ತರವಿದ್ದರೆ ಕೈ ಎತ್ತಿ. ಇಲ್ಲದಿದ್ದರೆ ಅದನ್ನು ಬಾಡಿಗೆ ಎನ್ನಿ, ಬಡ್ಡಿ ಎನ್ನಿ, ಸುಧಾರಣೆ ಎನ್ನಬೇಡಿ.