ಆಕಾಶದ ಕಣ್ಣು, ಅಧಿಕಾರದ ಕಿವಿ

ಚಿಂಚೋಳಿಯಿಂದ ಬಡಗಣಕ್ಕೆ, ನೇರ ಅಳತೆಯಲ್ಲಿ ಸುಮಾರು 50 ಕಿಲೋಮೀಟರಿನಾಚೆ, ಬೀದರದ ವಿಮಾನನೆಲೆಯಿದೆ. ನಮ್ಮ ವಾಯುದಳದ ತರುಣರು ಅಲ್ಲಿ ಇಂದು ಹಾಕ್ ವಿಮಾನಗಳಲ್ಲಿ ಯುದ್ಧವಿದ್ಯೆಯನ್ನು ಕಲಿಯುತ್ತಾರೆ. 1948ರಲ್ಲಿ ಅದೇ ಬೀದರಕ್ಕೆ ಕತ್ತಲೆಯ ಮರೆಯಲ್ಲಿ ಬೇರೆ ವಿಮಾನಗಳು ಬಂದಿಳಿಯುತ್ತಿದ್ದುವು. ಅವು ಕರಾಚಿಯಿಂದ ಹೊರಟು ನಿಜಾಮರ ಸೈನ್ಯಕ್ಕಾಗಿ ಬಂದೂಕು, ಮದ್ದುಗುಂಡುಗಳನ್ನು ಹೊತ್ತು ತರುತ್ತಿದ್ದ ಲ್ಯಾಂಕಾಸ್ಟ್ರಿಯನ್ ವಿಮಾನಗಳು. ಚಿಂಚೋಳಿ, ಸೇಡಂ, ಚಿತ್ತಾಪುರಗಳು ಆಗ ಹೈದರಾಬಾದು ಸಂಸ್ಥಾನದ ಗುಲಬರ್ಗಾ ಜಿಲ್ಲೆಯ ಊರುಗಳಾಗಿದ್ದುವು. ಕೆಳಗೆ ರಜಾಕಾರರ ಹಾವಳಿ, ಮೇಲೆ ಕಳ್ಳ ವಿಮಾನಗಳ ಓಡಾಟ. ಇವೆರಡರ ನಡುವೆ ಇಲ್ಲಿಯ ಪ್ರಜೆಗಳು ದಿನ ಕಳೆಯಬೇಕಾಗಿತ್ತು.

ಈ ಕಳ್ಳಸಾಗಣೆಯ ಸೂತ್ರಧಾರನ ಹೆಸರು ಸಿಡ್ನಿ ಕಾಟನ್. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಈತನು ಸಾಮಾನ್ಯ ವೈಮಾನಿಕನಲ್ಲ. ಶತ್ರುವಿನ ಗಡಿ, ಕೋಟೆ, ವಿಮಾನನೆಲೆಗಳನ್ನು ಆಕಾಶದಿಂದ ಛಾಯಾಚಿತ್ರ ತೆಗೆಯುವ ವಿದ್ಯೆಗೆ ಈ ಕಾಲದ ರೂಪವನ್ನು ಕೊಟ್ಟವರಲ್ಲಿ ಆತನು ಅಗ್ರಗಣ್ಯನು. ಎರಡನೆಯ ಮಹಾಯುದ್ಧಕ್ಕೆ ಮುಂಚೆ, 1939ರಲ್ಲಿ, ಬ್ರಿಟಿಷ್ ಗುಪ್ತಚರ ಇಲಾಖೆಯ ಪರವಾಗಿ ಆತನು ವ್ಯಾಪಾರಿಯ ವೇಷದಲ್ಲಿ ಜರ್ಮನಿಯ ಮೇಲೆ ಹಾರಾಡಿದನು. ಆತನ ಲಾಕ್‌ಹೀಡ್ ವಿಮಾನದ ಹೊಟ್ಟೆಯಲ್ಲಿ ಕ್ಯಾಮರಾಗಳು ಅಡಗಿದ್ದುವು. ಎತ್ತರದ ಚಳಿಯಲ್ಲಿ ಮಸೂರಗಳ ಮೇಲೆ ಮಂಜು ಕವಿಯದಂತೆ ಬೆಚ್ಚನೆಯ ಗಾಳಿಯನ್ನು ಅವುಗಳ ಬಳಿಗೆ ಹರಿಯಿಸುವ ಉಪಾಯವನ್ನು ಆತನು ಬಳಸಿದನು. ಯುದ್ಧ ಮೊದಲಾದ ಮೇಲೆ ಸ್ಪಿಟ್‌ಫೈರ್ ವಿಮಾನಗಳ ತುಪಾಕಿಗಳನ್ನು ಕಳಚಿಸಿ, ವೇಗವನ್ನೇ ರಕ್ಷಣೆಯಾಗಿ ಮಾಡಿಕೊಂಡು, ಕ್ಯಾಮರಾವನ್ನೇ ಅವುಗಳ ಆಯುಧವನ್ನಾಗಿಸಿದನು. ಅಂತಹವನು ಒಂಬತ್ತು ವರ್ಷಗಳ ತರುವಾಯ ನಮ್ಮ ಬೀದರ, ವಾರಂಗಲ್ಲುಗಳಿಗೆ ಆಯುಧ ಸಾಗಿಸುವ ಕೆಲಸಕ್ಕೆ ಇಳಿದನು. ಆಕಾಶದಿಂದ ಗಡಿಯನ್ನು ಕಾಯುವುದು ಹೇಗೆಂದು ಬಲ್ಲವನಿಗೆ, ಕಾಯದ ಗಡಿಯನ್ನು ದಾಟುವುದು ಹೇಗೆಂಬುದು ತಿಳಿಯದೆ ಇದ್ದೀತೆ? ಮುಂದೆ ಇಂಗ್ಲೆಂಡಿನ ನ್ಯಾಯಾಲಯವು ಈ ಅಪರಾಧಕ್ಕಾಗಿ ಆತನಿಗೆ ವಿಧಿಸಿದ ದಂಡ 200 ಪೌಂಡು ಮಾತ್ರ.

ಆಗ ಭಾರತಕ್ಕೆ ಸಂಸ್ಥಾನದ ಒಳಗಿನ ಸುದ್ದಿಯನ್ನು ತಂದುಕೊಟ್ಟವರಲ್ಲಿ ಗಡಿಯ ಜನರ ಪಾಲು ದೊಡ್ಡದು. ಮುಂಡರಗಿ, ಗದಗ, ಸೊಲ್ಲಾಪುರದ ಸೀಮೆಗಳಲ್ಲಿ ಶಿಬಿರಗಳನ್ನು ಕಟ್ಟಿಕೊಂಡು ಹೋರಾಡಿದ ಕಾರ್ಯಕರ್ತರಿಗೆ ಹೊಳೆಯ ದಾರಿ, ಊರಿನ ಠಾಣೆ, ರಜಾಕಾರರ ನೆಲೆ ಇವೆಲ್ಲ ಬಾಯಿಪಾಠವಾಗಿದ್ದುವು. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಚೌಧುರಿಯವರ ಸೈನ್ಯವು ಸೊಲ್ಲಾಪುರದ ಕಡೆಯಿಂದ ಒಳಗೆ ನುಗ್ಗಿತು. 17ರ ನಸುಕಿನಲ್ಲಿ ಬೀದರ ಕೈವಶವಾಯಿತು. ಅದೇ ದಿನ ನಿಜಾಮರು ಶರಣಾದರು. ವಾರಗಟ್ಟಲೆ ಹಿಡಿದೀತೆಂದು ಎಣಿಸಿದ್ದ ಕಾರ್ಯವು ಐದೇ ದಿನಗಳಲ್ಲಿ ಮುಗಿಯಿತು. ಕಳ್ಳ ವಿಮಾನಗಳು ತಂದ ಬಂದೂಕುಗಳು ಆ ರಾಜ್ಯವನ್ನು ಉಳಿಸಲಿಲ್ಲ.

ಈ ಹಳೆಯ ಪ್ರಸಂಗವನ್ನು ನಾವು ಇಂದು ನೆನೆಯುವುದಕ್ಕೆ ಕಾರಣವುಂಟು. ಗಡಿಯನ್ನು ಆಕಾಶದಿಂದ ನೋಡುವ ಕಾರ್ಯಕ್ಕಾಗಿ ದೇಶವು ಹೇರಳವಾದ ದ್ರವ್ಯವನ್ನು ವ್ಯಯಮಾಡಲು ಹೊರಟಿದೆ. 52 ಕಾವಲು ಉಪಗ್ರಹಗಳ ಯೋಜನೆಗೆ ಕೇಂದ್ರ ಸರಕಾರವು 2024ರ ಅಕ್ಟೋಬರಿನಲ್ಲಿ ಒಪ್ಪಿಗೆಯಿತ್ತಿತು. ಯೋಜನೆಯು ಸ್ತುತ್ಯವೇ ಸರಿ. ಆದರೆ ಕಣ್ಣುಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಕಾವಲು ಹೆಚ್ಚುವುದೆ? ನಮ್ಮ ಗಡಿಗಳ ಇತಿಹಾಸವು ಈ ಪ್ರಶ್ನೆಗೆ ಕೊಡುವ ಉತ್ತರವು ಕಹಿಯಾಗಿದೆ.

ಮೊದಲು ಈ ವಿದ್ಯೆಯ ಸ್ವರೂಪವನ್ನು ತಿಳಿಯಬೇಕು. ಆಕಾಶದಿಂದ ತೆಗೆದ ಚಿತ್ರವು ತಾನಾಗಿ ಮಾತನಾಡುವುದಿಲ್ಲ. ಒಂದೇ ನೆಲವನ್ನು ಸ್ವಲ್ಪ ಸ್ವಲ್ಪ ಸರಿದು ಎರಡು ಬಾರಿ ತೆಗೆದು, ಎರಡನ್ನೂ ಜೋಡಿಗಾಜಿನಲ್ಲಿಟ್ಟು ನೋಡಿದರೆ ತಗ್ಗುದಿಣ್ಣೆಗಳು ಎದ್ದು ಕಾಣುವುವು. ನೆರಳಿನ ಉದ್ದದಿಂದ ಕಟ್ಟಡದ ಎತ್ತರವನ್ನು ಲೆಕ್ಕಹಾಕಬಹುದು. ನಿನ್ನೆಯ ಚಿತ್ರದಲ್ಲಿಲ್ಲದ ಚಕ್ರದ ಗುರುತು ಇಂದಿನ ಚಿತ್ರದಲ್ಲಿದ್ದರೆ ಅಲ್ಲಿ ಬಂಡಿಗಳು ಓಡಾಡಿವೆಯೆಂದು ತಿಳಿಯಬೇಕು. ಇದು ಓದುವ ಕೆಲಸ. ಓದುವವನಿಗೆ ಅಭ್ಯಾಸವೂ ತಾಳ್ಮೆಯೂ ಬೇಕು. 1943ರಲ್ಲಿ ಜರ್ಮನಿಯ ಪೇನೆಮುಂಡೆಯ ಚಿತ್ರಗಳಲ್ಲಿ ಕಂಡೂ ಕಾಣದಷ್ಟು ಚಿಕ್ಕದಾದ ಒಂದು ರೆಕ್ಕೆಯ ಆಕಾರವನ್ನು ಗುರುತಿಸಿದವಳು ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್ ಎಂಬ ಮಹಿಳೆ. ಅದು ಮರುವರ್ಷ ಲಂಡನ್ನಿನ ಮೇಲೆ ಬಂದೆರಗಿದ ಹಾರುಬಾಂಬು. ಆಕೆಯ ಕಣ್ಣು ಹಿಡಿದುದನ್ನು ಅಧಿಕಾರಿಗಳು ನಂಬಿದರು. ಆದುದರಿಂದಲೇ ಬ್ರಿಟನ್ನಿಗೆ ಸಿದ್ಧತೆಗೆ ಅವಕಾಶ ದೊರೆಯಿತು. ನೋಡುವುದು, ಓದುವುದು, ನಂಬುವುದು ಎಂಬ ಈ ಮೂರು ಮೆಟ್ಟಲುಗಳಲ್ಲಿ ಯಾವುದೊಂದು ಕುಸಿದರೂ ಉಳಿದೆರಡು ವ್ಯರ್ಥ.

1962ರ ಅಕ್ಟೋಬರ್ ತಿಂಗಳನ್ನು ಸ್ಮರಿಸಿರಿ. ಆ ತಿಂಗಳ 14ರಂದು ಅಮೆರಿಕದ ಯು-2 ವಿಮಾನವೊಂದು ಕ್ಯೂಬಾದ ಮೇಲೆ ಹಾರಿ ಚಿತ್ರಗಳನ್ನು ತೆಗೆಯಿತು. 15ರಂದು ಅವುಗಳನ್ನು ಓದಿದವರು ರಷ್ಯದ ಕ್ಷಿಪಣಿಗಳನ್ನು ಗುರುತಿಸಿದರು. 16ರ ಬೆಳಗ್ಗೆ ಅವು ಅಧ್ಯಕ್ಷ ಕೆನೆಡಿಯವರ ಮುಂದಿದ್ದುವು. ಅದೇ ತಿಂಗಳ 20ರಂದು ಚೀನದ ಸೈನ್ಯವು ಲಡಾಖದಲ್ಲಿಯೂ ಈಶಾನ್ಯದಲ್ಲಿಯೂ ನಮ್ಮ ಮೇಲೆ ಬಿದ್ದಿತು. ನಮಗೆ ಕಣ್ಣಿರಲಿಲ್ಲವೆ? ಇದ್ದಿತು. ನಮ್ಮ ವಾಯುದಳದ 106ನೆಯ ಸ್ಕ್ವಾಡ್ರನ್ನಿನ ಕ್ಯಾನ್‌ಬೆರಾ ವಿಮಾನಗಳು ಅಕ್ಸಾಯ್ ಚಿನ್ನಿನ ಮೇಲೆ ಹಾರಿ ಚಿತ್ರಗಳನ್ನು ತಂದಿದ್ದುವು. ಹಾಗೆ ಹಾರಿದ ಜಗಮೋಹನ ನಾಥರಿಗೆ ಮಹಾವೀರಚಕ್ರ ದೊರೆಯಿತು. 1965ರಲ್ಲಿ ಎರಡನೆಯ ಬಾರಿಯೂ ಅದೇ ಗೌರವ ಸಂದಿತು. ಚೀನದ ಸೈನ್ಯವು ನೆರೆದಿರುವುದನ್ನು ತಾವು ಕಂಡು ತಿಳಿಸಿದರೂ ಮೇಲಿನವರು ಅದಕ್ಕೆ ತಕ್ಕಂತೆ ನಡೆಯಲಿಲ್ಲವೆಂದು ಅವರು ಮುಪ್ಪಿನಲ್ಲಿ ನೊಂದು ನುಡಿದರು. ಒಂದೇ ತಿಂಗಳಲ್ಲಿ ಒಂದು ರಾಷ್ಟ್ರದಲ್ಲಿ ಚಿತ್ರವು ಎರಡು ದಿನಗಳೊಳಗೆ ಅರಮನೆಯ ಬಾಗಿಲನ್ನು ತಟ್ಟಿ ಒಳಗೆ ಹೋಯಿತು. ನಮ್ಮಲ್ಲಿಯೋ, ಪ್ರಾಣವನ್ನು ಒತ್ತೆಯಿಟ್ಟು ತಂದ ಚಿತ್ರಕ್ಕೆ ತಕ್ಕ ಕಿವಿ ದೊರೆಯಲಿಲ್ಲ.

ಕಾರ್ಗಿಲ್ಲಿನ ಕಥೆ ಇನ್ನೊಂದು ಬಗೆಯದು. ಅಲ್ಲಿ ಆಕಾಶದ ಕಣ್ಣೇ ಸೋತಿತು. ಚಳಿಗಾಲದಲ್ಲಿ ಹೆಲಿಕಾಪ್ಟರುಗಳು ಕಾವಲು ಹಾರಾಟ ನಡೆಯಿಸಿದ್ದರೂ ಶಿಖರಗಳನ್ನೇರಿ ಕುಳಿತ ಶತ್ರು ಕಾಣಲಿಲ್ಲ. 1999ರ ಮೇ ತಿಂಗಳ ಮೊದಲಲ್ಲಿ ಬಟಾಲಿಕ್ ಸೀಮೆಯ ತಾಶಿ ನಮ್‌ಗ್ಯಾಲ್ ಎಂಬ ಕುರಿಗಾಹಿಯು ತಪ್ಪಿಸಿಕೊಂಡ ತನ್ನ ಯಾಕ್ ಒಂದನ್ನು ಹುಡುಕುತ್ತ ದುರ್ಬೀನು ಹಿಡಿದು ನೋಡಿದಾಗ, ಬೆಟ್ಟದ ಮೇಲೆ ಅಪರಿಚಿತರು ಕಲ್ಲು ಸರಿಸುತ್ತಿದ್ದುದನ್ನು ಕಂಡನು. ಆತನು ಇಳಿದು ಬಂದು ಸೈನಿಕರಿಗೆ ತಿಳಿಸಿದನು. ಮೇ 21ರಂದು ಚಿತ್ರ ತೆಗೆಯಲು ಹೋದ ಕ್ಯಾನ್‌ಬೆರಾ ವಿಮಾನವು ಕ್ಷಿಪಣಿಯ ಪೆಟ್ಟು ತಿಂದು ಒಂದೇ ಎಂಜಿನ್ನಿನ ಬಲದಿಂದ ಹಿಂತಿರುಗಿತು. ಯುದ್ಧವನ್ನು ನಾವು ಗೆದ್ದೆವು. ಆದರೆ ಗೆಲವಿನ ಬೆಲೆ 500ಕ್ಕೂ ಮಿಕ್ಕಿದ ಸೈನಿಕರ ಪ್ರಾಣ.

ಆದರೂ ಕಾರ್ಗಿಲ್ಲಿನ ತರುವಾಯ ನಡೆದ ಒಂದು ಕಾರ್ಯವನ್ನು ಮೆಚ್ಚಬೇಕು. ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ಸರಕಾರವು ವಿಮರ್ಶಾ ಸಮಿತಿಯೊಂದನ್ನು ನೇಮಿಸಿತು. ಅದರ ವರದಿಯು, ಗೋಪ್ಯವಾದ ಭಾಗಗಳನ್ನು ಬಿಟ್ಟು, 2000ದ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂದಿತು. ಉತ್ತಮವಾದ ಉಪಗ್ರಹ ಚಿತ್ರಗಳು ಬೇಕು, ಆಳಿಲ್ಲದ ವಿಮಾನಗಳು ಬೇಕು, ಗುಪ್ತಚರ ಇಲಾಖೆಗಳ ನಡುವೆ ಕೊಡುಕೊಳ್ಳುವಿಕೆ ಬೇಕು ಎಂದು ಸಮಿತಿಯು ಎತ್ತಿಹೇಳಿತು. 2001ರ ಅಕ್ಟೋಬರಿನಲ್ಲಿ ಒಂದು ಮೀಟರು ಅಳತೆಯ ವಸ್ತುವನ್ನು ಗುರುತಿಸಬಲ್ಲ ಉಪಗ್ರಹವನ್ನು ಬೆಂಗಳೂರಿನ ಇಸ್ರೊ ಸಂಸ್ಥೆಯು ಹಾರಿಸಿತು; 2002ರಲ್ಲಿ ಸೈನ್ಯದ ಮೂರು ಅಂಗಗಳಿಗೂ ಒಂದೇ ಗುಪ್ತಚರ ಸಂಸ್ಥೆ ಏರ್ಪಟ್ಟಿತು; 2019ರ ಕಾರ್ಟೊಸ್ಯಾಟ್-3 ಕಾಲು ಮೀಟರಿನ ವಸ್ತುವನ್ನು ಕಾಣಬಲ್ಲುದು. ತಪ್ಪನ್ನು ಪ್ರಜೆಗಳೆದುರು ಒಪ್ಪಿಕೊಂಡುದರಿಂದ ರಾಷ್ಟ್ರವು ದುರ್ಬಲವಾಯಿತೆ? ಇಲ್ಲ, ಬಲಗೊಂಡಿತು.

ಇದಕ್ಕೆ ಪ್ರತಿಯಾದ ನಿದರ್ಶನಗಳೆರಡು ನಮ್ಮ ಮುಂದಿವೆ. 1962ರ ಸೋಲನ್ನು ಕುರಿತು ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಎಂಬ ಸೇನಾಧಿಕಾರಿಗಳು 1963ರಲ್ಲಿ ಒಪ್ಪಿಸಿದ ವರದಿಯನ್ನು ಸರಕಾರವು ಇನ್ನೂ ಪ್ರಕಟಿಸಿಲ್ಲ. ಪಕ್ಷಗಳು ಬದಲಾದುವು, ಪ್ರಧಾನಿಗಳು ಬದಲಾದರು. ಪೆಟ್ಟಿಗೆಯ ಬೀಗ ಬದಲಾಗಲಿಲ್ಲ. ಅದರ ಒಂದು ಭಾಗವನ್ನು 2014ರಲ್ಲಿ ಲೋಕದ ಮುಂದಿಟ್ಟವನು ವಿದೇಶೀಯ ಪತ್ರಕರ್ತನು. ಎರಡನೆಯದು ಗಾಲ್ವಾನ್. 2020ರ ಜೂನ್ 15ರ ರಾತ್ರಿ ಅಲ್ಲಿ ನಮ್ಮ 20 ಜನ ಯೋಧರು ಮಡಿದರು. ಚೀನವು ಕಟ್ಟಿದ ಬಿಡಾರಗಳನ್ನೂ ದಾರಿಗಳನ್ನೂ ವಿದೇಶೀಯ ಖಾಸಗಿ ಉಪಗ್ರಹಗಳ ಚಿತ್ರಗಳು ಜಗತ್ತಿನ ಪತ್ರಿಕೆಗಳಿಗೆಲ್ಲ ತೋರಿಸಿದುವು. ನಮಗೂ ಉಪಗ್ರಹಗಳಿದ್ದುವು. ಹಾಗಿದ್ದ ಮೇಲೆ ಎದುರಾಳಿಯ ಜಮಾವಣೆಯು ಎಂದು ಕಂಡಿತು, ಅದನ್ನು ಯಾರು ಓದಿದರು, ಓದಿದುದು ಯಾರ ಮೇಜಿನ ಮೇಲೆ ನಿಂತಿತು? ಈ ಪ್ರಶ್ನೆಗಳಿಗೆ ಕಾರ್ಗಿಲ್ಲಿನ ಮಾದರಿಯ ಬಹಿರಂಗ ವಿಮರ್ಶೆಯು ನಡೆಯಲಿಲ್ಲ. 2024ರ ಅಕ್ಟೋಬರಿನಲ್ಲಿ ಗಸ್ತಿನ ವಿಷಯವಾಗಿ ಉಭಯ ದೇಶಗಳಿಗೆ ಒಪ್ಪಂದವಾಯಿತು. ಒಪ್ಪಂದದಿಂದ ಪ್ರಶ್ನೆಗಳು ಅಳಿಯವು.

ಶತ್ರುವಿಗೆ ನಮ್ಮ ಗುಟ್ಟು ತಿಳಿದೀತೆಂದು ಆಕ್ಷೇಪಿಸುವವರುಂಟು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಯಾವ ಉಪಗ್ರಹವು ಯಾವ ಗಳಿಗೆಯಲ್ಲಿ ಎಲ್ಲಿ ನೋಡುತ್ತದೆ, ಯಾವ ಕಣಿವೆಯಲ್ಲಿ ನಮ್ಮ ತೋಪುಗಳಿವೆ ಎಂಬುದನ್ನು ಯಾರೂ ಕೇಳಬಾರದು, ಕೇಳಿದರೂ ಹೇಳಬಾರದು. ಆದರೆ ಕಾವಲಿನ ಗುಟ್ಟು ಬೇರೆ, ಅಲಕ್ಷ್ಯದ ಗುಟ್ಟು ಬೇರೆ. ಮೊದಲನೆಯದನ್ನು ಮುಚ್ಚಿಡುವುದು ಶತ್ರುವಿನಿಂದ. ಎರಡನೆಯದನ್ನು ಮುಚ್ಚಿಡುವುದು ಸ್ವಂತ ಪ್ರಜೆಗಳಿಂದ. ಅಲ್ಲದೆ ಹಣ ತೆತ್ತವರೆಲ್ಲರೂ ಉಪಗ್ರಹದ ಚಿತ್ರವನ್ನು ಕೊಳ್ಳಬಹುದಾದ ಈ ಕಾಲದಲ್ಲಿ ನಮ್ಮ ಗಡಿಯ ಸ್ಥಿತಿಯು ಪರದೇಶದ ವಾಚಕನಿಗೆ ಮೊದಲು ತಿಳಿದು, ನಮ್ಮ ಸಂಸತ್ತಿಗೆ ತಡವಾಗಿ ತಿಳಿಯುವುದು ಮರ್ಯಾದೆಯ ಮಾತಲ್ಲ.

ಆದುದರಿಂದ ಸರಕಾರದ ಮುಂದೆ ನಾವು ಮೂರು ಮಾತುಗಳನ್ನು ಇಡುತ್ತೇವೆ. ಉಪಗ್ರಹಗಳಿಗೆ ಸುರಿಯುವ ಹಣದಲ್ಲಿ ತಕ್ಕ ಪಾಲು ಚಿತ್ರಗಳನ್ನು ಓದುವ ಮನುಷ್ಯರ ಶಿಕ್ಷಣಕ್ಕೆ ಸಲ್ಲಲಿ. 2025ರ ಮೇ 18ರಂದು ಮೋಡದ ಮರೆಯಲ್ಲಿಯೂ ರಾತ್ರಿಯಲ್ಲಿಯೂ ನೋಡಬಲ್ಲ ಇಒಎಸ್-09 ಉಪಗ್ರಹವು ಕಕ್ಷೆಯನ್ನು ಸೇರದೆ ನಷ್ಟವಾಯಿತು. ಯಂತ್ರದ ಕಣ್ಣು ಹೀಗೆ ಒಂದು ಗಳಿಗೆಯಲ್ಲಿ ಕಳೆದುಹೋಗಬಹುದು. ಇದ್ದ ಚಿತ್ರದಿಂದಲೇ ಹೆಚ್ಚಿನ ಅರ್ಥವನ್ನು ಹಿಂಡಬಲ್ಲ ಮನುಷ್ಯನ ಕಣ್ಣು ಹಾಗೆ ಕಳೆಯುವುದಿಲ್ಲ. ಎರಡನೆಯದಾಗಿ, ಗಡಿಯ ಜನರನ್ನು ಕಾವಲಿನ ಅಂಗವೆಂದು ಭಾವಿಸಲಿ. ತಮ್ಮ ಹಳೆಯ ಹುಲ್ಲುಗಾವಲುಗಳಿಗೆ ಹೋಗಲು ಅಡ್ಡಿಯಾಗಿದೆಯೆಂದು ಚುಶೂಲಿನ ಕುರಿಗಾಹಿಗಳು ಈಚಿನ ವರ್ಷಗಳಲ್ಲಿ ಮೊರೆಯಿಟ್ಟಿದ್ದಾರೆ. ಕುರಿಗಾಹಿ ಹೋಗದ ನೆಲದಲ್ಲಿ ಇನ್ನೊಬ್ಬ ತಾಶಿ ನಮ್‌ಗ್ಯಾಲ್ ಹುಟ್ಟಲಾರನು. ಮೂರನೆಯದಾಗಿ, 1963ರ ವರದಿಯು ಬೆಳಕಿಗೆ ಬರಲಿ. 2020ರ ಘಟನೆಯನ್ನು ಕುರಿತು ಸ್ವತಂತ್ರವಾದ ವಿಮರ್ಶೆಯು ನಡೆದು, ಹೇಳಬಹುದಾದಷ್ಟು ಸಂಸತ್ತಿನ ಮುಂದೆ ಬರಲಿ.

ಚಿಂಚೋಳಿಯ ಗಡಿಯಲ್ಲಿ ಇಂದು ಭಯವಿಲ್ಲ. ಮೂಡಣದಲ್ಲಿ ತೆಲಂಗಾಣದ ಸೀಮೆ. ಅತ್ತಿಂದಿತ್ತ ಮದುವೆಯ ನಂಟೂ ಸಂತೆಯ ವ್ಯಾಪಾರವೂ ನಡೆಯುತ್ತಿವೆ. ಈ ನೆಮ್ಮದಿಯು ಪುಕ್ಕಟೆಯಾಗಿ ಬಂದುದಲ್ಲವೆಂಬುದನ್ನು ಪ್ರತಿ ವರ್ಷದ ಸೆಪ್ಟೆಂಬರ್ 17ರಂದು ಧ್ವಜವೇರಿಸುವಾಗ ಇಲ್ಲಿಯ ಹಿರಿಯರು ನೆನೆಯುತ್ತಾರೆ. ತನ್ನ ಗಡಿಯ ಸಂಕಟಕ್ಕೆ ಒಮ್ಮೆ ದಿಲ್ಲಿಯು ಕಿವಿಗೊಟ್ಟುದರಿಂದ ಉಳಿದ ನೆಲವಿದು. ಅದೇ ಕಿವಿಯನ್ನು ಲಡಾಖದ ಕುರಿಗಾಹಿಗೂ, ಅಲ್ಲಿ ಮಡಿದ 20 ಜನರ ಮನೆಯವರಿಗೂ ಕೊಡಿರೆಂದು ಕೇಳುವ ಹಕ್ಕು ಈ ನೆಲದವರಿಗೆ ಉಂಟು.