ಬಂಧಿತನ ಪರವಾಗಿ ವಕೀಲನೇಕೆ ಬರಕೂಡದು?

2008ನೆಯ ಇಸವಿ ಜುಲೈ 25ರಂದು ಬೆಂಗಳೂರಿನಲ್ಲಿ ಒಂದರ ಹಿಂದೊಂದು ಬಾಂಬುಗಳು ಸಿಡಿದುವಷ್ಟೆ. ಅವುಗಳಲ್ಲೊಂದು ಸಿಡಿದುದು ಮೈಸೂರು ರಸ್ತೆಯ ನಾಯಂಡಹಳ್ಳಿಯಲ್ಲಿ. ವಿಜಯನಗರಕ್ಕೂ ಕೆಂಗೇರಿಗೂ ದಿನವೂ ಓಡಾಡುವ ವಾಚಕರಿಗೆ ಆ ಸ್ಥಳವನ್ನು ನಾವು ವರ್ಣಿಸಬೇಕಾದುದಿಲ್ಲ. ಅಂದು ಮಡಿವಾಳದಲ್ಲಿ ಹೆಣ್ಣುಮಗಳೊಬ್ಬಳು ಪ್ರಾಣವನ್ನು ನೀಗಿದಳು. ಆದಕಾರಣ ಸರಕಾರದ ಕೈಯಲ್ಲಿ ಬಲವಾದ ಅಧಿಕಾರವೇ ಇರಕೂಡದೆಂದು ಹೇಳುವವರ ಪಂಕ್ತಿಗೆ ನಾವು ಸೇರಿದವರಲ್ಲ. ಪ್ರಜೆಯ ಪ್ರಾಣವನ್ನು ಕಾಯಲಾರದ ಸರಕಾರವು ಅವನ ಸ್ವಾತಂತ್ರ್ಯವನ್ನು ಕಾದೀತೆ? ನಾವು ಕೇಳುವುದು ಬೇರೊಂದು ಮಾತು. ಅಪರಾಧ ಮಾಡಿದವನನ್ನು ಹಿಡಿದು ನ್ಯಾಯಸ್ಥಾನದ ಮುಂದೆ ನಿಲ್ಲಿಸುವುದು ಒಂದು ಬಗೆ. ಇವನು ಮುಂದೆ ಏನನ್ನೋ ಮಾಡಿಯಾನೆಂಬ ಶಂಕೆಯಿಂದಲೇ, ವಿಚಾರಣೆಯಿಲ್ಲದೆ ಸೆರೆಯಲ್ಲಿಡುವುದು ಇನ್ನೊಂದು ಬಗೆ. ಈ ಎರಡನೆಯ ಬಗೆಯಲ್ಲಿ, ಬಂಧಿತನ ಪರವಾಗಿ ಮಾತನಾಡಲು ವಕೀಲನೊಬ್ಬನಿಗೆ ಅವಕಾಶವಿರಬೇಕೆ, ಬೇಡವೆ?

ರಾಜಾಜಿನಗರಕ್ಕೆ ಯಾರ ಹೆಸರನ್ನಿಟ್ಟಿದೆಯೋ ಆ ರಾಜಗೋಪಾಲಾಚಾರ್ಯರು ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು, ವಕೀಲಿ ಮಾಡಿದವರು. 1919ರಲ್ಲಿ ರೌಲಟ್ ಕಾಯಿದೆಯು ಬಂದಾಗ ಗಾಂಧೀಜಿಯವರಿಗೆ ದೇಶವ್ಯಾಪಿ ಹರತಾಳದ ಯೋಚನೆ ಹೊಳೆದುದು ಮದರಾಸಿನಲ್ಲಿ ಇವರ ಅತಿಥಿಯಾಗಿದ್ದಾಗಲೇ. ದಲೀಲಿಲ್ಲ, ವಕೀಲಿಲ್ಲ, ಅಪೀಲಿಲ್ಲ ಎಂದು ಆಗ ಜನರು ಆ ಕಾಯಿದೆಯನ್ನು ಜರೆದರು. ಅಂಥ ರಾಜಾಜಿಯವರೇ 1951ರಲ್ಲಿ ಗೃಹಮಂತ್ರಿಗಳಾಗಿ ಸ್ಥಾನಬದ್ಧತೆಯ ಕಾಯಿದೆಯನ್ನು ಮುಂದುವರಿಸಿದರು! ಸರದಾರ ಪಟೇಲರು ಅದನ್ನು ಹಿಂದಿನ ವರ್ಷ ತಂದುದು ಒಂದು ವರ್ಷದ ಮಟ್ಟಿಗೆ ಮಾತ್ರ. ಅದು ಕೊನೆಗಂಡುದು 1969ರ ಡಿಸೆಂಬರ್ 31ಕ್ಕೆ. ಬಂಧಿತರೆಲ್ಲರ ಪ್ರಕರಣವೂ ಸಲಹಾ ಮಂಡಲಿಯ ಮುಂದೆ ಹೋಗಲೇಬೇಕೆಂಬ ಕಟ್ಟಳೆಯನ್ನು ರಾಜಾಜಿಯವರು ಆಗ ಸೇರಿಸಿದರೆಂಬುದನ್ನೂ ನ್ಯಾಯವಾಗಿ ಹೇಳತಕ್ಕದ್ದು. ಆದರೆ ವಕೀಲನು ಮಾತ್ರ ಬಾಗಿಲ ಹೊರಗೇ ಉಳಿದನು.

ಇಂದಿಗೂ ಹೊರಗೇ ಇದ್ದಾನೆ. 1980ರ ರಾಷ್ಟ್ರೀಯ ಭದ್ರತಾ ಕಾಯಿದೆಯಂತೆ ಹನ್ನೆರಡು ತಿಂಗಳವರೆಗೆ ಒಬ್ಬನನ್ನು ಸೆರೆಯಲ್ಲಿಡಬಹುದು; ಸಲಹಾ ಮಂಡಲಿಯ ಮುಂದೆ ವಕೀಲನ ಮೂಲಕ ಹಾಜರಾಗುವ ಹಕ್ಕು ಅವನಿಗಿಲ್ಲ. 1981ರಲ್ಲಿ ಎ. ಕೆ. ರಾಯ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಂಧಿತನು ನೆರವಿಗೆ ಸ್ನೇಹಿತನೊಬ್ಬನನ್ನು ಕರೆತರಬಹುದು, ಆದರೆ ಆ ಸ್ನೇಹಿತನು ವಕೀಲನ ನೆಲೆಯಲ್ಲಿ ಬರಕೂಡದು ಎಂದು ತೀರ್ಪಿತ್ತಿತು. ಉಪಾಧ್ಯಾಯರು ಬರಬಹುದು, ಅಂಗಡಿಕಾರರು ಬರಬಹುದು; ಕಾಯಿದೆ ಬಲ್ಲವನು ಆ ನೆಲೆಯಲ್ಲಿ ಬರುವಂತಿಲ್ಲ! ರೋಗಿಯ ಬಳಿಗೆ ವೈದ್ಯನೊಬ್ಬನನ್ನುಳಿದು ಯಾರು ಬೇಕಾದರೂ ಹೋಗಬಹುದೆಂದಂತಾಯಿತು. ಗೂಂಡಾ ಕಾಯಿದೆಯೆಂದು ಜನರು ಕರೆಯುವ, ನಮ್ಮ ರಾಜ್ಯದ ಶಾಸನಸಭೆಯೇ ಮಾಡಿದ 1985ರ ಕಾಯಿದೆಯಲ್ಲಿಯೂ ಇದೇ ನಿರ್ಬಂಧ, ಇದೇ ಹನ್ನೆರಡು ತಿಂಗಳು. 1978ರಲ್ಲಿ ಸಂವಿಧಾನಕ್ಕಾದ 44ನೆಯ ತಿದ್ದುಪಡಿಯು ಸಲಹಾ ಮಂಡಲಿಗೆ ಹೋಗುವ ಮುಂಚಿನ ಮೂರು ತಿಂಗಳ ಅವಧಿಯನ್ನು ಎರಡಕ್ಕೆ ಇಳಿಸಿತು. ಸಂಸತ್ತು ಒಪ್ಪಿದ ಆ ಭಾಗವೊಂದನ್ನು ಇಷ್ಟು ವರ್ಷಗಳಾದರೂ ಯಾವ ಪಕ್ಷದ ಸರಕಾರವೂ ಜಾರಿಗೆ ತಂದಿಲ್ಲ. ಅಧಿಕಾರದ ರುಚಿ ಎಲ್ಲರ ನಾಲಗೆಗೂ ಒಂದೇ.

ಕೇಳುವವರಿಲ್ಲದಿದ್ದರೆ ಏನಾಗುವುದೆಂಬುದನ್ನು ಬೆಂಗಳೂರು ಕಣ್ಣಾರೆ ಕಂಡಿದೆ. 1975ರ ಜೂನ್ 26ರಂದು, ಸಂಸತ್ತಿನ ಸಮಿತಿಯ ಕೆಲಸಕ್ಕೆಂದು ಇಲ್ಲಿಗೆ ಬಂದಿದ್ದ ಶ್ರೀ ವಾಜಪೇಯಿ, ಶ್ರೀ ಅಡ್ವಾಣಿ, ಶ್ರೀ ಮಧು ದಂಡವತೆ ಮತ್ತು ಶ್ರೀ ಶ್ಯಾಮನಂದನ ಮಿಶ್ರ ಇವರನ್ನು ಹಿಡಿದು ಸೆಂಟ್ರಲ್ ಜೈಲಿನಲ್ಲಿರಿಸಿದರು. ಅವರು ನಮ್ಮ ಹೈಕೋರ್ಟಿನ ಮೊರೆಹೊಕ್ಕರು. ಇಂಥ ಮೊರೆಯನ್ನು ಆಲಿಸಬಹುದೆಂದು ಹೈಕೋರ್ಟು ಹೇಳಿತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಆಲಿಸಲಾಗದೆಂದರು. ನ್ಯಾಯಮೂರ್ತಿ ಖನ್ನಾ ಅವರೊಬ್ಬರೇ ಬೇರೆ ನಿಂತರು. ಅದಾದ ಕೆಲವೇ ದಿನಗಳಲ್ಲಿ, ‘ಸಂಸ್ಕಾರ’ ಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು ಅದೇ ಜೈಲಿಗೆ ತಂದರು. ಉಬ್ಬಸದಿಂದ ನರಳುತ್ತಿದ್ದ ಆ ತಾಯಿ ಪೆರೋಲಿನ ಮೇಲೆ ಹೊರಬಂದು, ಐದಾರು ದಿನಗಳಲ್ಲಿಯೇ, 1977ರ ಜನವರಿ 20ರಂದು ತೀರಿಕೊಂಡರು. ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟೇ ಸಾರಿ ತಳ್ಳಿಹಾಕಿದುದು 2017ರ ಆಗಸ್ಟ್ 24ರಂದು. ಅದೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಆದರೆ ಸ್ನೇಹಲತಾ ಅವರಿಗೆ ಅದರಿಂದ ಬಂದ ಫಲವೇನು?

ದೇಶದ ಭದ್ರತೆಯೆಂಬ ಮಾತು ಯಾರ ಮೇಲೆ ಯಾವಾಗ ಬೀಳುವುದೋ ಹೇಳಬರುವಂತಿಲ್ಲ. ಏಕೀಕರಣದ ಬಯಕೆಯ ಮೇಲೆಯೇ ಅದು ಬಿದ್ದಿತ್ತು. 1949ರಲ್ಲಿ ಜವಾಹರಲಾಲ್, ವಲ್ಲಭಭಾಯಿ, ಪಟ್ಟಾಭಿ ಈ ಮೂವರ ಸಮಿತಿಯು, ದೇಶದ ಭದ್ರತೆ, ಐಕ್ಯ, ಆರ್ಥಿಕ ಏಳಿಗೆಗಳೇ ಮೊದಲು ಎಂದು ಹೇಳಿ ಭಾಷಾವಾರು ಪ್ರಾಂತಗಳನ್ನು ಹಿಂದಕ್ಕೆ ತಳ್ಳಿತು. ಅವರ ದೇಶಭಕ್ತಿಯನ್ನು ಶಂಕಿಸುವಷ್ಟು ಕೃತಘ್ನರು ನಾವಲ್ಲ. ಆದರೂ 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ, ಕಾಸರಗೋಡು ಹೊರಗುಳಿದ ನೋವು ನಮಗಾಯಿತೇ ಹೊರತು, ಭಾರತವು ಒಡೆಯಲಿಲ್ಲ. ಅಷ್ಟು ದೊಡ್ಡವರ ಎಣಿಕೆಯೇ ಹೀಗೆ ತಪ್ಪಿದ ಮೇಲೆ, ಪೊಲೀಸ್ ಕಚೇರಿಯ ವರದಿಯೊಂದನ್ನು ಎದುರುವಾದವಿಲ್ಲದೆ ನಂಬಿರೆಂದರೆ ಹೇಗೆ?

ವಕೀಲನನ್ನು ಬಿಟ್ಟರೆ ಗುಟ್ಟು ಹೊರಬೀಳುವುದೆಂದು ಆಕ್ಷೇಪಿಸುವವರುಂಟು. ಸಾರ್ವಜನಿಕ ಹಿತಕ್ಕೆ ಬಾಧಕವಾದ ಸಂಗತಿಗಳನ್ನು ಬಂಧಿತನಿಗೆ ತಿಳಿಸದಿರಲು ಸಂವಿಧಾನದ 22ನೆಯ ವಿಧಿಯೇ ಅಧಿಕಾರ ಕೊಟ್ಟಿದೆ. ಅದು ಹಾಗೆಯೇ ಇರಲಿ. ತಿಳಿಸಿದ ಕಾರಣಗಳಿಗಾದರೂ ಉತ್ತರ ಕೊಡಲು ಬಲ್ಲವನೊಬ್ಬನು ಬೇಡವೆ? ಅದೇ ವಿಧಿಯು ಸ್ಥಾನಬದ್ಧನಿಗೆ ವಕೀಲನ ಹಕ್ಕನ್ನು ಕೊಟ್ಟಿಲ್ಲವೆಂಬುದು ನಿಜ. ಆದರೆ ಶಾಸನಸಭೆಯು ತಾನಾಗಿ ಕೊಡುವುದಾದರೆ ಅದು ಅಡ್ಡಬರುವುದೂ ಇಲ್ಲ. 1985ರ ಕಾಯಿದೆಯನ್ನು ತಿದ್ದುವುದಕ್ಕೆ ದಿಲ್ಲಿಯ ಕಡೆಗೆ ನೋಡುತ್ತ ಕೂರುವ ಅಗತ್ಯವಿಲ್ಲ. ತಿದ್ದುಪಡಿಯ ಮಸೂದೆ ವಿಧಾನಸೌಧದಲ್ಲಿಯೇ ಹುಟ್ಟಬಹುದು. ರಾಜಾಜಿನಗರ, ಗೋವಿಂದರಾಜನಗರ, ವಿಜಯನಗರ, ಯಶವಂತಪುರ ಕ್ಷೇತ್ರಗಳ ಶಾಸಕರು, ತಮ್ಮ ಪಕ್ಷ ಯಾವುದೇ ಆಗಿರಲಿ, ಮುಂದಿನ ಅಧಿವೇಶನದಲ್ಲಿ ಖಾಸಗಿ ಮಸೂದೆಯನ್ನಾದರೂ ಮಂಡಿಸಲಿ. ನಮ್ಮ ವಾಚಕರು ಅವರವರ ಶಾಸಕರಿಗೆ ಈ ವಾರವೇ ಒಂದೊಂದು ಕಾಗದ ಬರೆದು, ಬಂದ ಉತ್ತರವನ್ನು ನಮಗೂ ಕಳುಹಿಸಿಕೊಡಬೇಕಾಗಿ ಕೋರುತ್ತೇವೆ.