ಅಕ್ಕಲಕೋಟದ ಮಗುವಿಗೆ ಕನ್ನಡ ಬಲ್ಲ ವಿಶೇಷ ಶಿಕ್ಷಕರು

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳೂ ಅಲ್ಲಿವೆ. ಹೆಚ್ಚಿನ ಮಕ್ಕಳು ಎರಡೂ ಭಾಷೆಗಳನ್ನು ಆಡುತ್ತಲೇ ಬೆಳೆಯುತ್ತಾರೆ. ಮಾತು ತಡವಾದ ಮಗುವಿನ ಪಾಡು ಬೇರೆ. ಅವ್ವನ ಕನ್ನಡದಲ್ಲೇ ನಾಲ್ಕು ಶಬ್ದ ಹಿಡಿಯಲು ಹೆಣಗುತ್ತಿರುವ ಮಗುವನ್ನು ಮರಾಠಿಯಲ್ಲಷ್ಟೇ ಪರೀಕ್ಷಿಸಿದರೆ, ಬಾರದ ಭಾಷೆಯೇ ಬುದ್ಧಿಯ ಕೊರತೆಯಾಗಿ ದಾಖಲಾಗುವ ಅಪಾಯವಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ; ಬ್ರೈಲ್ ಮತ್ತು ಸಂಜ್ಞಾ ಭಾಷೆ ಬಲ್ಲ ಶಿಕ್ಷಕರನ್ನು ತರಬೇತುಗೊಳಿಸಿ ನೇಮಿಸುವ ಹೊಣೆಯನ್ನು ಸರ್ಕಾರಗಳಿಗೆ ಹೊರಿಸಿದೆ. ಪ್ರಾಥಮಿಕ ಹಂತದಲ್ಲಿ ನ್ಯೂನತೆಯಿರುವ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಹುದ್ದೆಗಳನ್ನು ಗುರುತಿಸಿ ಭರ್ತಿ ಮಾಡುವಂತೆ 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಮತ್ತೆ ತಾಕೀತು ಮಾಡಿತು. ಸಂಖ್ಯೆ ತುಂಬಿದರೂ ಆ ಶಿಕ್ಷಕರಿಗೆ ಮಗುವಿನ ಮಾತು ತಿಳಿಯದಿದ್ದರೆ ಅಕ್ಕಲಕೋಟಕ್ಕೆ ದಕ್ಕುವುದೇನು?

ಇಲ್ಲಿ ಸೊಲ್ಲಾಪುರ ವಿಶ್ವವಿದ್ಯಾಲಯದ ಹೊಣೆ ದೊಡ್ಡದು. ಈಗ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ಅವರ ಹೆಸರು ಹೊತ್ತಿರುವ ಈ ವಿಶ್ವವಿದ್ಯಾಲಯ 2004ರಲ್ಲಿ ಹುಟ್ಟಿದ್ದೇ ಒಂದು ಜಿಲ್ಲೆಗಾಗಿ. ಆ ಜಿಲ್ಲೆಯ ತರಗತಿಗಳಲ್ಲಿ ಕೇಳಿಬರುವ ಭಾಷೆಗಳು ಅದರ ಶಿಕ್ಷಕರ ತರಬೇತಿಯಲ್ಲೂ ಕೇಳಿಬರಬೇಕು.

ಕೆಲಸ ಅಂದುಕೊಂಡಷ್ಟು ಕಷ್ಟದ್ದಲ್ಲ. ಬ್ರೈಲ್ ಅನ್ನೇ ನೋಡಿ. 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲ್‌ನಲ್ಲಿ ಕನ್ನಡದ ‘ಕ’ಕ್ಕೂ ಮರಾಠಿಯ ‘ಕ’ಕ್ಕೂ ಒಂದನೆಯ ಮತ್ತು ಮೂರನೆಯ ಚುಕ್ಕಿಗಳೇ. ಮರಾಠಿ ಬ್ರೈಲ್ ಕಲಿತವರು ಕನ್ನಡದ ಹ್ರಸ್ವ ‘ಎ’, ‘ಒ’ಗಳಂಥ ಕೆಲವನ್ನು ಸೇರಿಸಿಕೊಂಡರೆ ಅರ್ಧ ದಾರಿ ಸಾಗಿದಂತೆ; ಉಳಿದರ್ಧ, ಭಾಷೆಯನ್ನು ಕಲಿಯುವುದು.

ಓದಿನ ತೊಡಕಿರುವ ಮಕ್ಕಳ ವಿಷಯದಲ್ಲಿ ಮಾತ್ರ ಇಂಥ ಸಲೀಸು ಇಲ್ಲ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ, ದೇವನಾಗರಿಯಲ್ಲಿ ಬಹುಪಾಲು ಅರ್ಧಾಕ್ಷರ ಪಕ್ಕಕ್ಕೆ ಅಂಟುತ್ತದೆ. ‘ಸೂರ್ಯ’ ಎಂದು ಬರೆಯುವಾಗ ಅರ್ಕಾವೊತ್ತು ಕೊನೆಗೆ ಬರುತ್ತದೆ, ಓದುವಾಗ ಮೊದಲು. ಮಗು ಎಲ್ಲಿ ಎಡವುತ್ತಿದೆ ಎಂಬುದು ಈ ಲಿಪಿಯಲ್ಲಿ ಪಳಗಿದ ಕಣ್ಣಿಗಷ್ಟೇ ಕಾಣುತ್ತದೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡ ಮಕ್ಕಳ ಮಾತು, ಭಾಷೆಗಳ ಪರೀಕ್ಷೆಗಳನ್ನು ರೂಪಿಸಿದೆ. ಅಲ್ಲಿನವು ಮೈಸೂರು ಸೀಮೆಯ ಕನ್ನಡದವು ಎಂಬ ಆಕ್ಷೇಪ ಬರಬಹುದು, ಅದು ನ್ಯಾಯವೂ ಹೌದು. ಗಡಿಯ ಆಡುಮಾತಿಗೆ ಅವನ್ನು ಹೊಂದಿಸುವ ಕೆಲಸವನ್ನು ಸೊಲ್ಲಾಪುರದ ಸಂಶೋಧಕರೇ ಕೈಗೆತ್ತಿಕೊಳ್ಳಲಿ.

ನೆರವು ಇನ್ನೂ ಹತ್ತಿರದಲ್ಲೇ ಇದೆ. ಗಡಿಯಾಚೆಯ ಆಳಂದ, ಅಫಜಲಪುರ, ಇಂಡಿ ತಾಲ್ಲೂಕುಗಳು ಸೇರಿರುವ ಕರ್ನಾಟಕದಲ್ಲಿ ಸಮಗ್ರ ಶಿಕ್ಷಣ ಯೋಜನೆಯ ಸಂಪನ್ಮೂಲ ಶಿಕ್ಷಕರು, ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಎಂಬ ವ್ಯವಸ್ಥೆ ಇದೆ. ಸೊಲ್ಲಾಪುರದ ಪ್ರಶಿಕ್ಷಣಾರ್ಥಿಗಳು ಕೆಲವು ವಾರ ಆ ಶಿಕ್ಷಕರೊಂದಿಗೆ ಓಡಾಡಲಿ. ಪಾಠ ಅಭ್ಯಾಸದ ಒಂದು ಪಾಲು ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳಲ್ಲೇ ನಡೆಯಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಯುವಕ ಯುವತಿಯರಿಗೆ ವಿಶೇಷ ಶಿಕ್ಷಕರ ತರಬೇತಿಯಲ್ಲಿ ಒಂದಿಷ್ಟು ಸೀಟು ಮೀಸಲಿಟ್ಟರೆ, ಆ ಹಳ್ಳಿಗಳಿಗೆ ಮರಳಿ ಹೋಗಿ ನಿಂತು ಕಲಿಸುವವರು ಅಲ್ಲಿಂದಲೇ ಸಿಗುತ್ತಾರೆ.